ಬೆನ್ನುಗಳ ಪ್ರದರ್ಶನದಲ್ಲಿ ಒಂದು ಮುಖ

ಹೊನ್ನಾವರದ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮಾಸ್ತರನಾಗಿದ್ದ ಕಾಲದಲ್ಲಿ ಯಾರಾದರೂ ನನ್ನನ್ನು ಹುಡುಕಿಕೊಂಡು ಮನೆಗೆ ಬಂದರೆ ಅವರ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಬಂದವರು ಜಗಲಿಯಲ್ಲಿ ಕೂತು, ನೀರು ಕುಡಿದು, ಜೇಬಿನಿಂದ ಒಂದು ಫೋಟೋ ತೆಗೆಯುತ್ತಿದ್ದರು. ಹೆಚ್ಚಾಗಿ ಅದು ವೋಟಿನ ಕಾರ್ಡಿನದು. ಇಲ್ಲವೇ ಯಾರದೋ ಮದುವೆಯ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ, ಅರ್ಧ ಮುಖ ಮಾತ್ರ ಕಾಣುವಂಥದು. ಅದನ್ನು ನೋಡಿ ಹದಿಮೂರನೇ ದಿನದ ಊಟದೊಳಗೆ ಗೋಡೆಗೆ ತೂಗುಹಾಕುವಷ್ಟು ದೊಡ್ಡ ಚಿತ್ರ ಬರೆದುಕೊಡಬೇಕಿತ್ತು. "ಸ್ವಲ್ಪ ನಗು ಇರ್ಲಿ ಸರ್" ಎಂದು ಹೋಗುವಾಗ ಹೇಳುತ್ತಿದ್ದರು. ಬದುಕಿರುವಷ್ಟು ದಿನ ಮನೆಯವರ ಮುಂದೆ ಒಮ್ಮೆಯೂ ನಗದ ಎಷ್ಟೋ ಯಜಮಾನರನ್ನು ನಾನು ನಗಿಸಿದ್ದೇನೆ.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷ ಆಗಿರಬೇಕು. ಕುಮಟೆಯ ಒಂದು ಸಾಂಸ್ಕೃತಿಕ ಸಂಘದ ಕಾರ್ಯದರ್ಶಿ ಬಂದು, ಮಳೆಗಾಲ ಮುಗಿದ ಮೇಲೆ ನನ್ನ ಚಿತ್ರಗಳ ಪ್ರದರ್ಶನ ಮಾಡುವುದಾಗಿ ಹೇಳಿದರು. ನನಗೆ ಕಣ್ಣು ತುಂಬಿ ಬಂತು. ಅವರದು ಒಂದೇ ಷರತ್ತು. "ಸತ್ತವರದ್ದು ಬ್ಯಾಡ ಸರ್. ಎಲ್ಲ ಹೊಸ ಪೇಂಟಿಂಗ್ ಬೇಕು" ಎಂದರು. ಸತ್ತವರನ್ನು ಬರೆದು ಬರೆದು ನನಗೂ ಸಾಕಾಗಿತ್ತು. ಬದುಕಿರುವವರ ಮುಖಗಳನ್ನೇ, ಎದುರಿಗೆ ಕೂರಿಸಿಕೊಂಡು ಬರೆಯುತ್ತೇನೆ ಎಂದು ನಿರ್ಧರಿಸಿದೆ. ಇದೊಂದು ಸರಿಯಾಗಿ ನಡೆದರೆ ಊರಿನವರು ನನ್ನನ್ನು ಚಿತ್ರಕಾರ ಎಂದು ಕರೆಯುತ್ತಾರೆ, ಇಲ್ಲದಿದ್ದರೆ ಸತ್ತವರ ಬೊಜ್ಜದ ಊಟದ ಸಾಮಾನಿನ ಪಟ್ಟಿಯಲ್ಲಿ ನಾನೂ ಒಂದು ಬಾಬತ್ತಾಗಿ ಉಳಿಯುತ್ತೇನೆ ಎಂದು ನನಗೆ ಖಾತ್ರಿಯಾಗಿತ್ತು.

ಆದರೆ ಎದುರಿಗೆ ಕೂರುವವರು ಬೇಕಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾ ಅಂಗಡಿಯವನನ್ನು ಕೇಳಿದೆ. ನನಗೆ ದಿನಾ ಕೇಳದೆಯೇ ಚಹಾ ತಂದಿಡುತ್ತಿದ್ದ ಮನುಷ್ಯ ಅವನು. ಗ್ಲಾಸು ತೊಳೆಯುವುದನ್ನು ನಿಲ್ಲಿಸಿ, "ಎಂತಕ್ಕೆ ಮಾಸ್ತರೆ, ನನಗೆ ಎಂತಾಗಿದೆ ಈಗ?" ಎಂದ. ಕ್ಷೌರದಂಗಡಿಯವನು ನಾನು ಪೆನ್ಸಿಲ್ ತೆಗೆದದ್ದೇ ಕತ್ತರಿ ಕೆಳಗಿಟ್ಟ. ಕಾಯ್ಕಿಣಿಯಲ್ಲಿ ನನ್ನ ದೊಡ್ಡಪ್ಪನ ಮಗ ಗದ್ದೆ ಮಾಡಿಕೊಂಡಿದ್ದ. ಒಳ್ಳೆಯ ಮುಖ, ಮೂಗು ಹುಬ್ಬು ಎಲ್ಲ ತಿದ್ದಿದಂತೆ. ಅಲ್ಲಿಗೆ ಹೋದರೆ ಅತ್ತಿಗೆ ಬಾಗಿಲಲ್ಲೇ ನನ್ನ ಚೀಲ ನೋಡಿ, "ಇವ್ರಿಗೆ ನಿನ್ನೆಯಿಂದ ಸಣ್ಣ ಜ್ವರ ಅಷ್ಟೇ, ಇಷ್ಟು ಬೇಗ ಎಂತಕ್ಕೆ ಬಂದ್ರಿ?" ಎಂದು ಅಳುವಂತಾದಳು. ಇಡೀ ಸೀಮೆಗೆ ನನ್ನ ಕುಂಚದ ಮೇಲೆ ಅಷ್ಟು ನಂಬಿಕೆ.

ಕೊನೆಗೆ ದಾರಿ ತೋರಿಸಿದವನು ಚಹಾ ಅಂಗಡಿಯವನೇ. "ಒಂದು ಕೆಲ್ಸ ಮಾಡಿ. ನನ್ನ ಬೆನ್ನು ಬರ್ಕಣಿ. ಬೆನ್ನಿಗೆ ಯಾರೂ ಮಾಲೆ ಹಾಕೂದಿಲ್ಲ" ಎಂದ. ಸುದ್ದಿ ಹಬ್ಬಿದ್ದೇ ತಡ, ಬೆನ್ನು ಕೊಡುವವರು ನಾ ಮುಂದೆ ತಾ ಮುಂದೆ ಎಂದು ಬಂದರು. ಕ್ಷೌರದವನ ಬೆನ್ನು, ಮೀನು ಮಾರುವವಳ ಬೆನ್ನು, ಗದ್ದೆಯ ಬಿಸಿಲಿಗೆ ಸುಟ್ಟ ಕಾಯ್ಕಿಣಿ ಅಣ್ಣನ ಬೆನ್ನು ಎಲ್ಲ ಸಿಕ್ಕಿದವು. ನಮ್ಮ ಹೆಡ್‌ಮಾಸ್ತರರು ಕೋಟು ಹಾಕಿಕೊಂಡು ಬೆನ್ನು ತೋರಿಸಿ ನಿಂತರು.

ಮಳೆ ಹಿಡಿಯಿತು. ಆಯಿಲ್ ಪೇಂಟ್ ಒಣಗುವುದಿರಲಿ, ಹೆಡ್‌ಮಾಸ್ತರರ ಕೋಟಿನ ಮೇಲೆ ಬೂಷ್ಟು ಬೆಳೆಯತೊಡಗಿತು. ಹೆಂಡತಿ ಎಲ್ಲವನ್ನೂ ಒಯ್ದು ಒಲೆಯ ಮೇಲಿನ ಅಟ್ಟದಲ್ಲಿ ಒಣಮೀನಿನ ಪಕ್ಕ ಇಟ್ಟಳು. ಬೂಷ್ಟು ಹೋಯಿತು, ವಾಸನೆ ಬಂತು. ಬಣ್ಣಗಳಿಗೆ ಹೊಗೆ ಕೂತು ಒಂದು ಗಾಂಭೀರ್ಯ ಬಂದದ್ದನ್ನು ಮಾತ್ರ ಆಮೇಲೆ ಕೆಲವರು ನನ್ನ ಶೈಲಿ ಎಂದು ಹೊಗಳಿದರು.

ಆದರೂ ಬರೀ ಬೆನ್ನುಗಳನ್ನು ಹೊತ್ತುಕೊಂಡು ಹೇಗೆ ಹೋಗಲಿ? ಒಂದಾದರೂ ಜೀವಂತ ಮುಖ ಬೇಕಿತ್ತು. ನಾನು ಚಡಪಡಿಸುವುದನ್ನು ನೋಡಿ ನೋಡಿ ನನ್ನ ಸೋದರತ್ತೆ ಒಂದು ದಿನ ಸಿಗಡಿ ಸುಲಿಯುತ್ತಾ ಕರೆದಳು. ಅಪ್ಪನ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನನ್ನ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು.

"ನನ್ನ ಬರಿ ತಮಾ. ಹೆಂಗೂ ನಾ ಸತ್ಮೇಲೆ ನೀ ವೋಟಿನ ಕಾರ್ಡು ನೋಡಿ ಬರೀತೆ. ಅದ್ರಲ್ಲಿ ನಾ ಕಳ್ಳಿ ಹಾಂಗೆ ಕಾಣ್ತೆ. ಈಗ್ಲೇ ಸಮಾ ನೋಡ್ಕಂಡು ಬರ್ದುಬಿಡು."

ಬರೆದೆ. ಅವಳು ಸುಮ್ಮನೆ ಕೂರುವವಳಲ್ಲ. ನಡುನಡುವೆ ಎದ್ದು ಒಲೆ ನೋಡುವಳು, ಬೆಕ್ಕನ್ನು ಬೈಯುವಳು, ಬಂದು ಕ್ಯಾನ್ವಾಸಿನತ್ತ ಇಣುಕಿ "ಇದು ನನ್ನ ಮೂಗಲ್ಲ, ನಿನ್ನಪ್ಪಂದು" ಎನ್ನುವಳು. ನನ್ನ ಜೀವನದಲ್ಲಿ ಅಷ್ಟು ಖುಷಿಯಿಂದ ನಾನು ಇನ್ನಾವ ಚಿತ್ರವನ್ನೂ ಬರೆದಿಲ್ಲ.

ಉದ್ಘಾಟನೆಯ ದಿನ ಅತ್ತೆಯನ್ನು ಕರೆದುಕೊಂಡು ಬಸ್ಸಿನಲ್ಲಿ ಕುಮಟೆಗೆ ಹೋದೆ. ಹಾಲಿನ ತುಂಬ ಬೆನ್ನುಗಳು. ಇದ್ದ ಒಂದೇ ಮುಖವನ್ನು ಸಂಘದವರು ಶೋಭೆಗೆಂದು ಸ್ಟೇಜಿನ ಮೇಲೆ, ಕುರ್ಚಿಯ ಮೇಲಿಟ್ಟು, ಪಕ್ಕದಲ್ಲಿ ದೀಪ ಹಚ್ಚಲು ಎತ್ತರದ ಹಿತ್ತಾಳೆ ಸಮೆ, ಎದುರಿಗೆ ಹೂವಿನ ತಟ್ಟೆ ಇಟ್ಟಿದ್ದರು. ಅತ್ತೆ ಮುಂದಿನ ಸಾಲಿನಲ್ಲಿ ಕೂತಳು.

ಮುಖ್ಯ ಅತಿಥಿಗಳು ಊರಿನ ಮುಖಂಡರು, ತಡವಾಗಿ ಬಂದರು. ದೀಪ ಹಚ್ಚಿದರು. ಚಿತ್ರ ನೋಡಿದರು, ನನ್ನನ್ನು ನೋಡಿದರು. ನನ್ನ ಕೆಲಸ ಏನೆಂದು ಅವರಿಗೆ ಗೊತ್ತಿತ್ತು, ಅವರ ತಂದೆಯನ್ನು ಬರೆದವನೇ ನಾನು. ತಮಗೆ ಹಾಕಿದ್ದ ಹಾರವನ್ನು ತೆಗೆದು ಅತ್ತೆಯ ಚಿತ್ರಕ್ಕೆ ಹಾಕಿ ಕೈಮುಗಿದರು. ಮೈಕ್ ಹಿಡಿದು, ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸಬೇಕೆಂದು ಕೋರಿದರು.

ನಾನು ಕಾರ್ಯದರ್ಶಿಯ ಕಡೆ ನೋಡಿದೆ. "ಈಗ ತಡೆದ್ರೆ ಅವ್ರಿಗೆ ಬೇಜಾರಾಗ್ತದೆ ಸರ್" ಎಂದು ಪಿಸುಗುಟ್ಟಿ ಅವರು ತಲೆ ತಗ್ಗಿಸಿದರು. ಸಭೆ ಎದ್ದಿತು. ಮುಂದಿನ ಸಾಲಿನಲ್ಲಿ ಅತ್ತೆಯೂ ಕುರ್ಚಿ ಹಿಡಿದು ಎದ್ದು, ತನಗಾಗಿ ಮೌನವಾಗಿ ನಿಂತಳು.

ಆಮೇಲೆ ಭಾಷಣ. ಅವರು ಅತ್ತೆಯನ್ನು ಹಿಂದೆಂದೂ ಕಂಡವರಲ್ಲ. ಎಲ್ಲ ಶ್ರದ್ಧಾಂಜಲಿ ಸಭೆಗಳಲ್ಲಿ ಆಡುವ ಮಾತನ್ನೇ ಆಡಿದರು. ಈ ತಾಯಿ ಎಲ್ಲರಿಗಿಂತ ಮೊದಲು ಎದ್ದವಳು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡವಳು, ತನಗೆಂದು ಏನನ್ನೂ ಕೇಳದವಳು, ಇವಳಿಲ್ಲದಿದ್ದರೆ ಈ ಕಲಾವಿದನಿಲ್ಲ ಎಂದರು. ಹೊರಡುವಾಗ ಮುಂದಿನ ಸಾಲಿನ ಹತ್ತಿರ ನಿಂತು ಅತ್ತೆಯ ಮುಖವನ್ನೇ ನೋಡಿದರು.

"ನೀವು ಅವ್ರ ತಂಗಿಯಾ? ಒಂದೇ ಹಾಂಗೆ ಇದ್ರಿ. ಧೈರ್ಯ ತಂದ್ಕಣಿ."

"ಆತು" ಎಂದಳು ಅತ್ತೆ.

ಜೀವಂತ ಮುಖ ಬರೆಯುತ್ತೇನೆಂದು ಹೊರಟವನಿಗೆ ಸಿಕ್ಕ ವಿಮರ್ಶೆ ಅಷ್ಟೇ. ವಾಪಸು ಬರುವಾಗ ಬಸ್ಸಿನಲ್ಲಿ ನಾಚಿಕೆಯಿಂದ ಕುಗ್ಗಿ ಹೋಗಿದ್ದೆ. ಆ ಮನುಷ್ಯನನ್ನು, ಸಂಘವನ್ನು, ಮೈಕನ್ನು, ಎಲ್ಲವನ್ನೂ ಬೈದೆ. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

"ಅವಂಗೆ ಎಂತಕ್ಕೆ ಬೈತೆ? ಹೇಳಿದ್ರಲ್ಲಿ ಒಂದೂ ಸುಳ್ಳಿರ್ಲಿಲ್ಲ" ಎಂದಳು. "ನೀನೂ ಒಂದಿನ ಹಿಂಗೇ ಹೇಳ್ತಿದ್ದೆ ತಮಾ, ನನಗೆ ಗೊತ್ತಿದ್ದು. ಕೇಳೂಕೆ ನಾ ಇರ್ತಿರ್ಲಿಲ್ಲ, ಅಷ್ಟೇಯ."

ಕಂಡಕ್ಟರ್ ಬಂದು ಟಿಕೆಟ್ ಎಂದ. ನಾನು ಜೇಬಿನಲ್ಲಿ ಕೈ ಹಾಕಿ ತುಂಬ ಹೊತ್ತು ಹುಡುಕಿದೆ.