ಸಮರೂಪ ಅಂದರೆ ಸೇಮ್ ಅಲ್ಲ

ಹುಬ್ಬಳ್ಳಿಯ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ನನ್ನ ಅತ್ತೆ ಪರದೇಶದ ಎವರ್‌ಗ್ರೀನ್ ಊರಿನ ನಮ್ಮ ಮನೆಗೆ ಬಂದಿದ್ದರು. ಒಂದು ಭಾನುವಾರ ಹೈಸ್ಕೂಲಿನಲ್ಲಿ ಓದುವ ಮಗಳು ಹೋಮ್‌ವರ್ಕು ತಂದು ಅವರ ಮುಂದಿಟ್ಟಳು. ಅತ್ತೆಗೆ ಮೊಮ್ಮಗಳ ಇಂಗ್ಲಿಷು ಅರ್ಥವಾಗುತ್ತಿರಲಿಲ್ಲ, ಅವಳಿಗೆ ಇವರ ಕನ್ನಡ ಅರ್ಧಂಬರ್ಧ. ಎರಡೂ ಭಾಷೆ ಬಲ್ಲ ನಾನು ನಡುವೆ ಕೂತೆ. ನನಗೆ ಬಾರದ್ದು ಗಣಿತ ಮಾತ್ರ.

ಚಿತ್ರದಲ್ಲಿ ಮೇಲೊಂದು ಗಿಡ್ಡ ಗೆರೆ, ಕೆಳಗೆ ಅದಕ್ಕೆ ಸಮಾಂತರವಾಗಿ ಒಂದು ಉದ್ದ ಗೆರೆ. ಅವುಗಳ ತುದಿಗಳನ್ನು ಸೇರಿಸುವ ಎರಡು ಓರೆ ಗೆರೆಗಳು ನಡುವೆ ಕತ್ತರಿಯಂತೆ ದಾಟಿ, ಮೇಲೊಂದು, ಕೆಳಗೊಂದು ತ್ರಿಭುಜ ಮಾಡಿದ್ದವು.

"ಎರಡೂ ಸಮರೂಪ ಅಂತ ತೋರಸ್ಬೇಕು," ಎಂದರು ಅತ್ತೆ.

"ಎರಡೂ ಸೇಮ್ ಅಂತೆ," ಎಂದೆ.

"ನೋ ಅಮ್ಮಾ. ಒಂದು ಚಿಕ್ಕದು."

ಅದೂ ನಿಜ. ಅತ್ತೆಯ ಕಡೆ ತಿರುಗಿದೆ.

"ಅಳತಿ ಬ್ಯಾರೆ, ಆಕಾರ ಒಂದ. ಕೋನ ಹೊಂದಿದ್ರ ಸಾಕು."

ಮೇಲಿನ ಎಡಮೂಲೆಗೆ ಕೆಳಗಿನ ಎಡಮೂಲೆಯೇ ಜೋಡಿ ಎಂದು ನನಗನ್ನಿಸಿತು. ಮಗಳೂ ಹಾಗೇ ಬರೆದಳು. ಅತ್ತೆ ಅದನ್ನು ಅಳಿಸಲು ಹೇಳಿದರು.

"ಹಂಗಲ್ಲವ್ವಾ. ಪರ್ಯಾಯ ಕೋನ. ಎಡಕ್ಕ ಬಲ."

ಪರ್ಯಾಯ ಎಂದರೆ ಒಂದಿಲ್ಲದಿದ್ದರೆ ಇನ್ನೊಂದು, ಅಲ್ಲವೇ? "ಈ ಕೋನ ಇಲ್ದಿದ್ರೆ ಅದನ್ನ ಯೂಸ್ ಮಾಡ್ಬಹುದಂತೆ," ಎಂದು ದಾಟಿಸಿದೆ. ಮಗಳು ಪೆನ್ಸಿಲು ಕೆಳಗಿಟ್ಟು ನನ್ನನ್ನೇ ನೋಡಿದಳು.

"ನೀ ಸ್ವಲ್ಪ ಸುಮ್ನಿರು," ಎಂದು ಅತ್ತೆ, ಮೇಲಿನ ಗೆರೆಯುದ್ದಕ್ಕೂ ಬೆರಳೆಳೆದು, ಬಲಮೂಲೆಯಿಂದ ಓರೆಯಾಗಿ ಕೆಳಗಿನ ಎಡಮೂಲೆಗೆ ಇಳಿದು, ಕೆಳಗಿನ ಗೆರೆಯ ಮೇಲೆ ಮತ್ತೆ ಬಲಕ್ಕೆ ಹೋದರು.

"ಓ, ಝೀ," ಎಂದಳು ಮಗಳು.

"ಝೀ ಅಂದ್ರ?"

"ಝೆಡ್ ಅಕ್ಷರ," ಎಂದೆ. ಅವತ್ತು ನಾನು ಸರಿಯಾಗಿ ಅನುವಾದಿಸಿದ್ದು ಅದೊಂದನ್ನೇ.

ಇನ್ನೊಂದು ಓರೆ ಗೆರೆಯನ್ನು ಮಗಳೇ ಎಳೆದು ತೋರಿಸಿ, ಎರಡು ಜೋಡಿ ಕೋನ ಬರೆದು ಮುಗಿಸಿದಳು. "ಮೂರನೇದು?" ಎಂದೆ. ಎರಡು ಹೊಂದಿದರೆ ಮೂರನೆಯದು ತಾನಾಗಿ ಹೊಂದುತ್ತದೆ ಎಂದು ಇಬ್ಬರೂ ಒಟ್ಟಿಗೇ, ಅವರವರ ಭಾಷೆಯಲ್ಲಿ ಹೇಳಿದರು. ನಾನು ತಲೆಯಾಡಿಸಿದೆ.

ಕೆಲವು ದಿನಗಳ ನಂತರ ಮಗಳು ಟೆಸ್ಟು ಮುಗಿಸಿ ಬಂದವಳೇ ಅಜ್ಜಿಯ ಪಕ್ಕ ಕೂತು ಬೇರೊಂದು ಚಿತ್ರ ಬರೆದಳು: ದೊಡ್ಡ ತ್ರಿಭುಜದೊಳಗೆ, ಅದರ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ.

"ಇಲ್ಲಿ ಅನುರೂಪ ಕೋನ," ಎಂದರು ಅತ್ತೆ.

"ಸಮರೂಪ ಅಂದಿದ್ರಲ್ಲ?" ಎಂದೆ ಅಡುಗೆಮನೆಯಿಂದ.

"ತ್ರಿಭುಜ ಸಮರೂಪ. ಕೋನ ಅನುರೂಪ."

ಕುಕ್ಕರು ಕೂಗಿತು. ಎಷ್ಟನೆಯ ಸಲವೋ ತಿಳಿಯಲಿಲ್ಲ. ಅವರಿಬ್ಬರೂ ಆಗಲೇ ಮುಂದಿನ ಲೆಕ್ಕಕ್ಕೆ ಹೋಗಿದ್ದರು.