ಕಿಟಕಿಯಾಚೆಯ ಕಲ್ಲುಬೆಂಚು

ಬೆಳಕು ಹರಿಯುವ ಮೊದಲು ಅವಳು ಹಾಲು ಕಾಯಿಸಿರುತ್ತಾಳೆ. ಸ್ನಾನದ ನೀರಿಗೆ ಸ್ವಿಚ್ಚು ಹಾಕಿರುತ್ತಾಳೆ. ಹಿಂದಿನ ದಿನ ಒಗೆದು ಇನ್ನೂ ತೇವ ಉಳಿದ ಯೂನಿಫಾರ್ಮಿನ ಕಾಲರನ್ನು ಇಸ್ತ್ರಿಪೆಟ್ಟಿಗೆಯಲ್ಲೇ ಒಣಗಿಸಿರುತ್ತಾಳೆ. ಡಬ್ಬಿಗಳು ನಾಲ್ಕು: ತಮ್ಮನದರಲ್ಲಿ ಈರುಳ್ಳಿ ಇರಬಾರದು, ಅವನ ಹೆಂಡತಿಯದರಲ್ಲಿ ಅನ್ನ ಇರಬಾರದು, ದೊಡ್ಡ ಹುಡುಗಿಯದರಲ್ಲಿ ನಿನ್ನೆ ಇದ್ದದ್ದು ಇರಬಾರದು, ಪುಟ್ಟಿಯದರಲ್ಲಿ ಒಂದು ಇನ್ನೊಂದಕ್ಕೆ ತಾಗಿರಬಾರದು. ನೀರಿನ ಬಾಟಲಿಗಳನ್ನು ತಲೆಕೆಳಗು ಮಾಡಿ ಸೋರುವುದಿಲ್ಲವೆಂದು ನೋಡಿರುತ್ತಾಳೆ. ಹೊಸ ಬೂಟು ಕಚ್ಚದಿರಲೆಂದು ಹಿಮ್ಮಡಿಯ ಅಂಚಿಗೆ ಎಣ್ಣೆ ಸವರಿ, ಹೆಬ್ಬೆರಳಿನಿಂದ ತಿಕ್ಕಿ ಮೆತ್ತಗೆ ಮಾಡಿರುತ್ತಾಳೆ. ಜೋಡಿ ತಪ್ಪಿದ ಕಾಲುಚೀಲವನ್ನು ಸೋಫಾದ ಸಂದಿಯಿಂದ ಎಳೆದಿರುತ್ತಾಳೆ. ಆಮೇಲೆ ಮನೆ ಏಳುತ್ತದೆ. ಎದ್ದು, ಟೀ ಆಯ್ತಾ ಎಂದು ಕೇಳುತ್ತದೆ.

ಮನೆ ತಮ್ಮನದು. ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಅವಳಿಗೆ ಫೋನು ಬರುತ್ತದೆ. ಮೊದಲೆಲ್ಲ ಅಣ್ಣನ ಮನೆಯಿಂದ ಬರುತ್ತಿತ್ತು, ಆಮೇಲೆ ತಂಗಿಯ ಮನೆಯಿಂದ, ಈಗ ತಮ್ಮನಿಂದ. ಮದುವೆಯಾಗಿ ಹೋದ ಮನೆಯಿಂದ ಬೇಗನೆ ವಾಪಸಾದವಳು. ಯಾಕೆಂದು ಈಗ ಯಾರೂ ಕೇಳುವುದಿಲ್ಲ. ಕೇಳಿದರೆ ಅವಳೂ ನೆನಪು ಮಾಡಿಕೊಳ್ಳಬೇಕಾದೀತು. ಒಂದು ಸೂಟ್‌ಕೇಸು, ಒಂದು ಕೈಚೀಲ. ಯಾವ ಮನೆಯ ಮಕ್ಕಳು ಶಾಲೆಗೆ ಸೇರುತ್ತವೋ ಆ ಮನೆಯ ಹಾಲಿನಲ್ಲಿ ಅವಳ ಹಾಸಿಗೆ ಬಿಚ್ಚಿಕೊಳ್ಳುತ್ತದೆ. "ನಮ್ಮಕ್ಕ ಒಬ್ಬಳಿದ್ರೆ ಸಾಕು, ಶಾಲೆ ತಾನಾಗೇ ಶುರುವಾಗತ್ತೆ" ಎಂದು ತಮ್ಮ ಬಂದವರ ಎದುರು ಹೇಳುತ್ತಾನೆ. ಅವನು ಹೊಗಳುತ್ತಿರುತ್ತಾನೆ. ಅವಳು ತಟ್ಟೆ ಎತ್ತುತ್ತ ಕೇಳಿಸಿಕೊಂಡಿರುತ್ತಾಳೆ.

ಡಬ್ಬಿ, ಬೂಟುಗಳನ್ನು ಬೇಕಾದರೆ ಇನ್ಯಾರಾದರೂ ಮಾಡಬಹುದು. ಅವಳೇ ಬೇಕೆಂದು ಕರೆಸುವುದು ಕಿಟಕಿಯಾಚೆ ಕೂರುವುದಕ್ಕೆ. ಒಂದನೇ ತರಗತಿಗೆ ಸೇರಿದ ಮಗು ಅಳುತ್ತದೆ. ತರಗತಿಯ ಹೊರಗೆ, ಕಣ್ಣಿಗೆ ಬೀಳುವ ಹಾಗೆ, ಮನೆಯವರೊಬ್ಬರು ಕೂತಿದ್ದರೆ ಬೇಗ ಹೊಂದಿಕೊಳ್ಳುತ್ತದೆ. ಮಗು ತಿರುಗಿ ನೋಡುವುದನ್ನು ಮರೆತ ದಿನ ಕೂತವರ ಕೆಲಸ ಮುಗಿಯಿತು. ಇದನ್ನು ಅವಳು ಶುರು ಮಾಡಿದ್ದು ಐದನೇ ತರಗತಿಯಲ್ಲಿದ್ದಾಗ, ಇದೇ ತಮ್ಮನಿಗಾಗಿ. ಒಂದು ವಾರದ ಮಟ್ಟಿಗೆ ಎಂದು ಅಮ್ಮ ಕೂರಿಸಿದ್ದಳು. ತಮ್ಮ ಹಟಮಾರಿ; ಅರ್ಧ ವರ್ಷ ಹಿಡಿಯಿತು. ಐದನೆಯ ತರಗತಿಯ ಹುಡುಗಿ ಹೊರಗೆ ಕೂತು ಒಂದನೆಯ ತರಗತಿಯ ಮಗ್ಗಿಯನ್ನೆಲ್ಲ ಎರಡನೇ ಸಲ ಕಲಿತಳು. ಆ ವರ್ಷ ತಮ್ಮ ಪಾಸಾದ, ಅವಳು ಫೇಲಾದಳು. "ಹೋಗ್ಲಿ ಬಿಡು, ಮನೇಲಿ ನನಗೊಂದು ಕೈ ಸಿಕ್ತು" ಅಂದಳು ಅಮ್ಮ.

ಈ ವರ್ಷ ಪುಟ್ಟಿಯ ಸರದಿ. ಪುಟ್ಟಿ ಮೊದಲ ದಿನ ಅವಳ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಮಿಸ್ಸು ಬಿಡಿಸಿ ಒಳಗೆ ಕರೆದೊಯ್ದರು. ಅವಳು ಕಿಟಕಿಯ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಳು. ಬೆಂಚಿನಲ್ಲಿ ಇನ್ನೂ ಕೆಲವು ತಾಯಂದಿರಿದ್ದರು, ಒಬ್ಬ ತಾತನೂ ಇದ್ದ. ತಾತ ಮೊಮ್ಮಗನಿಗಿಂತ ಜೋರಾಗಿ ಅತ್ತು, ಎರಡನೆಯ ದಿನವೇ ಗೇಟಿನಿಂದ ಹೊರಗೆ ಕಳಿಸಲ್ಪಟ್ಟ. ವಾರ ಮುಗಿಯುವುದರೊಳಗೆ ತಾಯಂದಿರೂ ಖಾಲಿಯಾದರು. ವಾರದ ಕೊನೆಯ ದಿನ ಪುಟ್ಟಿ ಪಕ್ಕದ ಹುಡುಗಿಯ ರಬ್ಬರಿಗಾಗಿ ಜಗಳವಾಡುವುದರಲ್ಲಿ ಮುಳುಗಿ ಕಿಟಕಿಯ ಕಡೆಗೆ ಒಮ್ಮೆಯೂ ತಿರುಗಲಿಲ್ಲ. ಅವಳು ಕಾದು ನೋಡಿದಳು. ಆಟದ ಬಿಡುವಿನಲ್ಲೂ ಪುಟ್ಟಿ ಅವಳ ಮುಂದೆಯೇ ಓಡಿಹೋದಳು, ಗುರುತಿಲ್ಲದವರ ಮುಂದೆ ಓಡುವ ಹಾಗೆ.

ಅಷ್ಟಕ್ಕೆ ಎದ್ದು ಮನೆಗೆ ಹೋಗಬೇಕಿತ್ತು. ಸಿಂಕಿನಲ್ಲಿ ಬೆಳಗಿನ ಪಾತ್ರೆ ಇತ್ತು, ಬಕೆಟ್ಟಿನಲ್ಲಿ ನೆನೆಹಾಕಿದ ಬಟ್ಟೆ ಇತ್ತು. ಅವಳು ಏಳಲಿಲ್ಲ. ಕೈಗಳು ತೊಡೆಯ ಮೇಲೆ ಇದ್ದವು, ಅವುಗಳಲ್ಲಿ ಏನೂ ಇರಲಿಲ್ಲ. ಎದುರಿನ ಗೋಡೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಸುಖ ಅನ್ನಿಸಿತೆಂದು ಹೇಳಲಾಗದು. ಏನೂ ಅನ್ನಿಸಲಿಲ್ಲ. ಯಾರೂ ಅವಳನ್ನು ಕೂಗಲಿಲ್ಲ, ಅಷ್ಟೇ. ಮಧ್ಯಾಹ್ನದ ಗಂಟೆ ಹೊಡೆದಾಗ, ಇಷ್ಟು ಬೇಗ ಹೊಡೆಯಿತೇ ಎಂದುಕೊಂಡಳು.

ಸಾಯಂಕಾಲ ತಮ್ಮನ ಹೆಂಡತಿ ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುತ್ತಲೇ ಕೇಳಿದಳು. "ಇವತ್ತೂ ಅತ್ಲಾ ಅಕ್ಕ?"

"ಅತ್ಲು."

ಮಾತು ಬಾಯಿಂದ ಸಲೀಸಾಗಿ ಬಂತು. ಬಂದ ಮೇಲೆ ಅವಳು ತರಕಾರಿ ಹೆಚ್ಚುವುದನ್ನು ಮುಂದುವರಿಸಿದಳು.

ಆಮೇಲೆ ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ತಾಯಿ ಪುಟ್ಟಿಯನ್ನು ತೊಡೆಗೆ ಎಳೆದುಕೊಂಡು, "ಅಳು ಬಂತಾ ಕಂದ?" ಎಂದು ಮೆತ್ತಗೆ ಕೇಳಿದರೆ ಪುಟ್ಟಿಯೂ ಹೂಂ ಎನ್ನುತ್ತಿದ್ದಳು. ಹೂಂ ಎಂದರೆ ಬಿಸ್ಕತ್ತು ಸಿಗುತ್ತಿತ್ತು. ಶಾಲೆಯಲ್ಲಿ ವಾಚ್‌ಮನ್ನು ಗೇಟು ತೆಗೆಯುತ್ತ, "ಏನಮ್ಮ, ನಿಮಗೂ ಅಡ್ಮಿಷನ್ ಸಿಕ್ತಾ?" ಎಂದು ತಮಾಷೆ ಮಾಡುತ್ತಿದ್ದ. "ಸಿಕ್ತು. ಯೂನಿಫಾರ್ಮ್ ಒಂದು ಬರಬೇಕು" ಎಂದು ಇವಳು ಹೇಳಿ ಒಳಗೆ ಹೋಗುತ್ತಿದ್ದಳು. ಮಿಸ್ಸೂ ಏನೂ ಕೇಳಲಿಲ್ಲ. ಬೆಂಚು ಹೇಗೂ ಖಾಲಿ ಇತ್ತು.

ಕಂಡುಹಿಡಿದವಳು ದೊಡ್ಡ ಹುಡುಗಿ. ಅದೇ ಶಾಲೆಯ ಮೇಲಿನ ಮಹಡಿಯಲ್ಲಿ ಆರನೇ ತರಗತಿ ಅವಳದು. ಒಂದು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತ ಅಂದಳು, "ಬಿಗಿಯಾಯ್ತು ಅತ್ತೆ. ಕಣ್ಣು ಮುಚ್ಚಕ್ಕಾಗ್ತಿಲ್ಲ."

"ಒಳ್ಳೇದೇ ಆಯ್ತು. ಕ್ಲಾಸಲ್ಲಿ ನಿದ್ದೆ ಬರಲ್ಲ."

"ಪುಟ್ಟಿ ಅಳಲ್ಲ ಅಲ್ವಾ? ನಾನು ಮೇಲಿಂದ ನೋಡ್ತಿರ್ತೀನಿ. ನೀನೇ ಸುಮ್ನೆ ಕೂತಿರ್ತೀಯ."

ಅವಳು ರಿಬ್ಬನ್ನಿನ ಗಂಟು ಬಿಗಿದಳು. "ಅಮ್ಮನಿಗೆ ಹೇಳ್ತೀಯಾ?"

"ಕೇಳಿದ್ರೆ ಹೇಳ್ತೀನಿ. ಕೇಳಿಲ್ವಲ್ಲ." ಹುಡುಗಿ ಕನ್ನಡಿಯಲ್ಲಿ ಜಡೆಯನ್ನು ಪರೀಕ್ಷಿಸಿಕೊಂಡಳು. "ಅಲ್ಲಿ ಏನು ಮಾಡ್ತೀಯ ಅಷ್ಟು ಹೊತ್ತು?"

"ಏನೂ ಇಲ್ಲ."

"ಬೋರಾಗಲ್ವಾ?"

"ಗೊತ್ತಿಲ್ಲ" ಅಂದಳು. ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಕೆಲಸ ಹಿಂದೆ ಬೀಳತೊಡಗಿತು. ಬಟ್ಟೆ ಸಂಜೆಗೆ ಒಣಗುತ್ತಿರಲಿಲ್ಲ. ತಮ್ಮನಿಗೆ ಎರಡು ದಿನ ಒಂದೇ ಷರ್ಟು ಹಾಕಿಕೊಳ್ಳಬೇಕಾಯಿತು. ಅದಾದ ಮೇಲೆ ಅವನು ಮಗಳ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡ.

ಊಟಕ್ಕೆ ಕೂತಾಗ ಅಂದ, "ಬೇರೆ ಮಕ್ಕಳೆಲ್ಲ ಸರಿಹೋದ್ವು. ಇವಳೊಬ್ಬಳೇ ಇನ್ನೂ ಅಳ್ತಿರೋದು. ಮಗು ತಾಯಿನ ಹುಡುಕ್ತಿದೆ ಕಣೆ. ನೀನು ಒಂದು ವರ್ಷ ಕೆಲಸ ಬಿಡು."

"ನೀವು ಬಿಡಿ" ಅಂದಳು ಹೆಂಡತಿ.

ಅವನು ಅದನ್ನು ತಮಾಷೆಯೆಂದು ತಿಳಿದು ನಕ್ಕ. "ನಾನು ಮನೇಲಿ ಕೂತ್ರೆ ಮನೆಯವರೆಲ್ಲ ಅಳ್ತೀರ."

"ವರ್ಷ ಬಿಟ್ರೆ ಆ ಸೀಟು ನನಗೆ ಇಟ್ಟಿರ್ತಾರಾ? ಹತ್ತು ವರ್ಷ ಕೌಂಟರಲ್ಲಿ ನಿಂತು, ಈಗ ತಾನೆ ಒಂದು ಕುರ್ಚಿ ಸಿಕ್ಕಿದೆ."

"ಕುರ್ಚಿ ಮುಖ್ಯನಾ, ಮಗು ಮುಖ್ಯನಾ? ಬೇಕಾದ್ರೆ ಅಕ್ಕನ್ನೇ ಕೇಳು. ದಿನಾ ಕಣ್ಣಾರೆ ನೋಡ್ತಿರೋಳು ಅವಳು. ಹೇಳಕ್ಕ, ಅಳ್ತಾಳೋ ಇಲ್ವೋ?"

ಅವಳು ಸಾರಿನ ಸೌಟು ಹಿಡಿದು ನಿಂತಿದ್ದಳು. ದೊಡ್ಡ ಹುಡುಗಿ ತಲೆ ಎತ್ತದೆ ಅನ್ನ ಕಲಸುತ್ತಿದ್ದಳು. ತಮ್ಮನ ಹೆಂಡತಿ ಇವಳ ಮುಖವನ್ನೇ ನೋಡುತ್ತಿದ್ದಳು.

"ಅಳ್ತಾಳೆ" ಅಂದಳು. ಅಭ್ಯಾಸವಾಗಿದ್ದ ಬಾಯಿ.

ತಮ್ಮನ ಹೆಂಡತಿ ಮತ್ತೆ ವಾದಿಸಲಿಲ್ಲ. "ಸರಿ, ನಾಳೆ ಮ್ಯಾನೇಜರ್ ಹತ್ರ ಮಾತಾಡ್ತೀನಿ" ಅಂದಳು. ಊಟ ಮುಗಿಸಿ ತನ್ನ ತಟ್ಟೆ ತಾನೇ ಸಿಂಕಿಗೆ ಒಯ್ದು ತೊಳೆದಳು. ಇವಳು ಕೈಚಾಚಿದರೆ ಕೊಡಲಿಲ್ಲ. "ಇರ್ಲಿ ಅಕ್ಕ. ಅಭ್ಯಾಸ ಮಾಡ್ಕೋಬೇಕಲ್ಲ."

ಮರುದಿನವೂ ಡಬ್ಬಿ, ಬಾಟಲಿ, ಜಡೆ ಎಲ್ಲ ಎಂದಿನಂತೆ ಆಯಿತು. ತಮ್ಮನ ಹೆಂಡತಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಬ್ಯಾಗು ತಗಲಿಸಿಕೊಂಡು, ಯಾರ ಕಡೆಯೂ ನೋಡದೆ ಹೊರಟಳು. ಪುಟ್ಟಿ ಗೇಟು ಕಂಡ ಕೂಡಲೇ ಕೈ ಬಿಡಿಸಿಕೊಂಡು ಓಡಿದಳು. ಅವಳು ಹೋಗಿ ಬೆಂಚಿನ ಮೇಲೆ ಕೂತಳು.

ಒಳಗೆ ಮಕ್ಕಳು ಏನನ್ನೋ ಒಟ್ಟಾಗಿ ಕೂಗಿ ಹೇಳುತ್ತಿದ್ದವು. ಎದೆ ಡವಡವ ಅನ್ನುತ್ತದೆಯೇನೋ ಎಂದು ಅವಳು ಕಾದಳು. ಅನ್ನಲಿಲ್ಲ. ಹಲ್ಲು ಕೀಳಿಸಿದ ಜಾಗಕ್ಕೆ ನಾಲಗೆ ಹಾಕಿದ ಹಾಗಿತ್ತು.

ಸುಲಭದ ದಾರಿ ಒಂದಿತ್ತು. ಇವತ್ತು ಪುಟ್ಟಿ ಅಳಲಿಲ್ಲ ಎಂದರೆ ಸಾಕು. ನಾಳೆಯೂ ಅಳಲಿಲ್ಲ ಎನ್ನಬಹುದು. ಮಗು ಕೊನೆಗೂ ಹೊಂದಿಕೊಂಡಿತು, ಎಲ್ಲ ಅಕ್ಕನ ತಾಳ್ಮೆ ಎಂದು ತಮ್ಮ ಇನ್ನೊಂದು ಸಲ ಹೊಗಳುತ್ತಾನೆ. ಕುರ್ಚಿ ಉಳಿಯುತ್ತದೆ, ಯಾರ ಮುಖವೂ ಕೆಡುವುದಿಲ್ಲ. ಅವಳು ಬೆಳಿಗ್ಗೆಯೇ ಮನೆಗೆ ವಾಪಸಾಗಿ ಪಾತ್ರೆಗೆ ಕೈ ಹಾಕುತ್ತಾಳೆ. ಇಲ್ಲಿ ಕೂತಿದ್ದದ್ದು ಮಗುವಿಗಾಗಿ ಎಂದೇ ಎಲ್ಲರ ಲೆಕ್ಕದಲ್ಲಿ ಉಳಿಯುತ್ತದೆ, ಅವಳು ಈವರೆಗೆ ಎಲ್ಲೆಲ್ಲಿ ಕೂತಿದ್ದಳೋ ಅದೆಲ್ಲದರ ಹಾಗೆ.

ಇನ್ನೊಂದು ದಾರಿಯಲ್ಲಿ ಹೋದರೆ ಸುಳ್ಳುಗಾತಿ ಅನ್ನಿಸಿಕೊಳ್ಳಬೇಕು. ತಮ್ಮ ಅಣ್ಣನಿಗೆ ಫೋನು ಮಾಡುತ್ತಾನೆ, ಅಣ್ಣ ತಂಗಿಗೆ. ಸೂಟ್‌ಕೇಸು ಯಾವ ಮನೆಗೆ ಹೋಗಬೇಕೆಂದು ಅವರು ಮಾತಾಡಿಕೊಳ್ಳುತ್ತಾರೆ.

ಅವಳು ಎರಡನ್ನೂ ಅಕ್ಕಿ ಆರಿಸುವವಳ ಹಾಗೆ ನಿಧಾನಕ್ಕೆ ನೋಡಿದಳು. ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಕೈಚೀಲದಿಂದ ಫೋನು ತೆಗೆದಳು.

"ಹೇಳಿ ಅಕ್ಕ" ಅಂದಳು ತಮ್ಮನ ಹೆಂಡತಿ. ಹಿಂದೆ ನೋಟು ಎಣಿಸುವ ಮಷೀನಿನ ಸದ್ದು. "ಪುಟ್ಟಿಗೆ ಏನಾದ್ರೂ ಆಯ್ತಾ?"

"ಮ್ಯಾನೇಜರ್ ಹತ್ರ ಮಾತಾಡಿದ್ಯಾ?"

"ಇನ್ನೂ ಬಂದಿಲ್ಲ ಅವರು."

"ಮಾತಾಡಬೇಡ. ಪುಟ್ಟಿ ಅಳಲ್ಲ. ಮೊದಲನೇ ವಾರವೇ ನಿಲ್ಲಿಸಿದ್ಲು. ನಾನು ಸುಳ್ಳು ಹೇಳ್ತಿದ್ದೆ."

ಮಷೀನು ಒಂದು ಕಟ್ಟು ಎಣಿಸಿ ಮುಗಿಸಿತು. "ಯಾಕೆ?" ಅಂದಳು ಅವಳು, ಬಹಳ ಸಣ್ಣ ದನಿಯಲ್ಲಿ.

"ಇಲ್ಲಿ ಕೂರಬೇಕಿತ್ತು."

ಬೈಗುಳಕ್ಕೆ ಕಾದಳು, ಬರದಿದ್ದಾಗ ಇವಳೇ ಮುಂದುವರಿಸಿದಳು.

"ಅವನಿಗೆ ಸಾಯಂಕಾಲ ನಾನೇ ಹೇಳ್ತೀನಿ. ನಿನ್ನ ಕೆಲಸ ನೀನು ಬಿಡಬೇಡ. ಇನ್ನೊಂದು ಮಾತು. ನಾಳೆಯಿಂದ್ಲೂ ಮಧ್ಯಾಹ್ನದವರೆಗೆ ನಾನು ಮನೇಲಿ ಇರಲ್ಲ. ಇಲ್ಲಿ ಬಿಡದಿದ್ರೆ ಬೇರೆ ಎಲ್ಲಾದ್ರೂ ಕೂರ್ತೀನಿ. ಪಾತ್ರೆ ಅವನು ತೊಳೀಲಿ."

ಫೋನನ್ನು ಚೀಲಕ್ಕೆ ಹಾಕಿ, ಚೀಲವನ್ನು ತೊಡೆಯಿಂದ ಕೆಳಗಿಳಿಸಿ, ಪಕ್ಕಕ್ಕೆ ಇಟ್ಟಳು.