ಕರೆಯದೆ ಕೂಗುವ ಗಂಟೆ

ಮಲ್ಕಾಜ್‌ಗಿರಿಯ ರಾಮದಾಸ ಮೂವತ್ತನಾಲ್ಕು ವರ್ಷ ರೈಲ್ವೆ ಸಿಗ್ನಲ್ಲಿನ ತಂತಿ ನೋಡಿಕೊಂಡವನು. ವಾಡಿ ಜಂಕ್ಷನ್ನಿನಲ್ಲಿ ಖಲಾಸಿಯಾಗಿ ಸೇರಿ ಇಲ್ಲಿ ನಿವೃತ್ತನಾದ. ಎಲ್ಲಿಯಾದರೂ ಕಟ್ಟದೆ ಬಿಟ್ಟ ತಂತಿ ಕಣ್ಣಿಗೆ ಬಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಅಂಥವನನ್ನು ಅಂಗೈಯಗಲದ ಪ್ಲಾಸ್ಟಿಕ್ ಗಂಟೆಯೊಂದು ತಿಂಗಳುಗಟ್ಟಲೆ ಕುಣಿಸಿತು.

ಹೆಂಡತಿ ಶಂಕ್ರಮ್ಮನಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ದನಿ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅದಕ್ಕೇ ಸುಲ್ತಾನ್ ಬಜಾರಿನಿಂದ ತಂತಿಯಿಲ್ಲದ ಕರೆಗಂಟೆ ತಂದ. ಬಟನ್ನು ಆಕೆಯ ದಿಂಬಿನ ಬಳಿ, ಗಂಟೆ ಅಡುಗೆಮನೆಯಲ್ಲಿ. ಕೆಳಗಿನ ಮನೆಯ ಉಷಾ ಅಂಥದ್ದೇ ತಂದು ಬಾಗಿಲಿಗೆ ಹಾಕಿದಳು ನೋಡಿ, ಅಲ್ಲಿಗೆ ಸುಖ ಮುಗಿಯಿತು. ಹಾಲಿನವನು ಅಲ್ಲಿ ಒತ್ತಿದರೆ ಇಲ್ಲಿಯೂ ಕೂಗುತ್ತಿತ್ತು.

“ಕರದೇನು?” ಎಂದು ಹಿಟ್ಟಿನ ಕೈಯಲ್ಲೇ ಓಡಿಬರುವನು.

“ನಾ ಎಲ್ಲಿ ಕರದೀನ್ರಿ? ಹಾಲಿನವಗ ಕೇಳ್ರಿ.”

ಓಡಿ ಓಡಿ ಸಾಕಾಗಿ ಒಂದು ದಿನ ಅವನು ಕದಲಲಿಲ್ಲ. ಅಂದು ಕರೆದವಳು ಶಂಕ್ರಮ್ಮನೇ. ಹಾಸಿಗೆ ಒದ್ದೆಯಾಗಿತ್ತು. ಆಕೆ ಸಂಜೆಯವರೆಗೆ ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

ಬೇರೆ ಗಂಟೆ ಕೇಳಲು ಅಂಗಡಿಗೆ ಹೋದರೆ, “ಸಬ್ ಏಕೀಚ್ ಮಾಲ್ ಹೈ ಸಾಬ್,” ಎಂದು ಅಂಗಡಿಯವನು ಕೈಯಾಡಿಸಿದ. ಇದ್ದ ಡಬ್ಬಿಗಳೆಲ್ಲ ಅದೇ ಜಾತಿ.

ರಾಮದಾಸ ಬಟನ್ನು, ಗಂಟೆ ಎರಡನ್ನೂ ಬಿಚ್ಚಿದ. ಒಳಗೆ ಜೀರುಂಡೆಯಂಥ ಕರಿ ಚಿಪ್. ನಾಲ್ಕು ದಿನ ಭೂತಗನ್ನಡಿ ಹಿಡಿದು ಕೂತ ಮೇಲೆ ತಿಳಿಯಿತು: ಚಿಪ್ಪಿನ ಎಂಟು ಕಾಲುಗಳಲ್ಲಿ ಬಟನ್ನಿನಲ್ಲಿ ಯಾವ ಎರಡನ್ನು ಕಟ್ಟಿದ್ದಾರೋ ಗಂಟೆಯಲ್ಲೂ ಅವೆರಡನ್ನೇ ಕಟ್ಟಿದ್ದಾರೆ, ಗುರುತು ಕೂಡಿದರೆ ಮಾತ್ರ ಕೂಗುತ್ತದೆ. ಎರಡರಲ್ಲೂ ಅದೇ ಒಂದು ಕಾಲನ್ನು ಒಂದೇ ರೀತಿ ಬದಲಿಸಿದ್ದರೆ ಸಾಕಿತ್ತು, ಉಷಾಳ ಗುರುತಿನಿಂದ ಬೇರೆಯಾಗುತ್ತಿತ್ತು.

“ಎಂಥಾ ಹೊಲಸ ಕೆಲಸ ಮಾಡ್ಯಾರ! ಆರು ಕಾಲು ಹಂಗ ಬಿಟ್ಟಾರ,” ಎಂದು, ಬಿಟ್ಟ ಕಾಲನ್ನೆಲ್ಲ ಹತ್ತಿರ ಸಿಕ್ಕ ಬೆಸುಗೆಗೆ ಕಟ್ಟಿಬಿಟ್ಟ. ಬಟನ್ನಿನಲ್ಲಿ ಒಂದು ಕಡೆಗೆ, ಗಂಟೆಯಲ್ಲಿ ಇನ್ನೊಂದು ಕಡೆಗೆ. ಗಂಟೆ ಸತ್ತೇಹೋಯಿತು.

ಎರಡು ವಾರ ಸೆಲ್ ಬದಲಿಸಿದ, ಸ್ಪ್ರಿಂಗು ಉಜ್ಜಿದ, ಬೈದ. ಶಂಕ್ರಮ್ಮ ಎಡಗೈಯಲ್ಲಿ ಚಮಚ ಹಿಡಿದು ತಾಟು ಬಡಿಯುತ್ತಿದ್ದಳು.

“ನಿಮ್ಮ ಸಿಗ್ನಲ್‌ಗಿಂತ ನನ್ನ ತಾಟ ಚಲೋ ಐತ್ರಿ.”

“ಬಾಯಿ ಮುಚ್ಚಗೊಂಡ ಬಿದ್ಕೊ!” ಎಂದ. ಅಂದ ಮೇಲೆ ತಾನೇ ಹೋಗಿ ಆಕೆಯ ದಿಂಬು ಸರಿಮಾಡಿದ.

ಕೊನೆಗೆ ಬಿಚ್ಚಿ ನೋಡಲು ಉಷಾಳ ಗಂಟೆ ಕೊಡೆಂದು ಕೇಳಿದ.

“ಕಾಕಾ, ನಂದು ಛಂದ ನಡದೈತಿ. ಕೆಡಸಬ್ಯಾಡ್ರಿ ಮತ್ತ!”

ಎಂದು ಗೊಣಗುತ್ತಲೇ ಕೊಟ್ಟಳು. ಬಿಚ್ಚಿ ನೋಡಿದರೆ ಅದರಲ್ಲೂ ಆರು ಕಾಲು ಗಾಳಿಯಲ್ಲಿ, ಆದರೂ ಕೂಗುತ್ತಿದೆ. ಕಟ್ಟಿದ್ದೊಂದೇ ಅಲ್ಲ, ಬಿಟ್ಟದ್ದೂ ಗುರುತೇ! ತಲೆ ಚಚ್ಚಿಕೊಂಡ. ಹಾಕಿದ ಬೆಸುಗೆಯನ್ನೆಲ್ಲ ಬೈಯುತ್ತ ಕೆರೆದು ತೆಗೆದ. ಬಿಟ್ಟ ಕಾಲುಗಳಲ್ಲಿ ಒಂದನ್ನು ಮಾತ್ರ ಎರಡರಲ್ಲೂ ಒಂದೇ ಕಡೆಗೆ ಕಟ್ಟಿದ. ಉಳಿದ ಐದನ್ನು ಹಾಗೇ ಬಿಟ್ಟು, ಮತ್ತೆ ಕಣ್ಣಿಗೆ ಬೀಳದಂತೆ ಬೇಗ ಮುಚ್ಚಳ ಹಾಕಿದ.

ಮರುದಿನ ಹಾಲಿನವನು ಕೆಳಗೆ ಒತ್ತಿದ. ಇಲ್ಲಿ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಗಂಟೆ ಕೂಗಿತು. ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಿದ.

“ಏನಾತು?”

“ಏನಿಲ್ರಿ. ಬರ್ತೀರೋ ಇಲ್ಲೋ ನೋಡಿದೆ.”

“ರೊಟ್ಟಿ ಹೊತ್ತಾಕತ್ತೈತಿ!” ಎಂದು ಸಿಡುಕಿ ತಿರುಗಿದ. ಒಲೆ ಮುಟ್ಟುವಷ್ಟರಲ್ಲಿ ಮತ್ತೆ ಕೂಗಿತು. ಮತ್ತೆ ಹೋದ.